84ನೇ ಮಹಡಿಯಿಂದ ಸಂತೆ

ಬ್ಯಾಂಕಾಕಿನ ಪ್ರತುನಾಮ್ ಬಟ್ಟೆಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಸಗಟು ಟೀ ಶರ್ಟಿನ ಗಂಟುಗಳು, ತಳ್ಳುಗಾಡಿಗಳು, ಇಂಗು ತಿಂದ ಮಂಗನಂತೆ ನಿಂತಲ್ಲೇ ನಿಂತ ಟ್ಯಾಕ್ಸಿಗಳು. ಈ ಗದ್ದಲದ ನಡುವೆಯೇ ಬೈಯೋಕ್ ಸ್ಕೈ ಹೋಟೆಲು 304 ಮೀಟರ್ ಎದ್ದು ನಿಂತಿದೆ. 1997ರಲ್ಲಿ ಮುಗಿದ ಈ ಕಟ್ಟಡ ಸುಮಾರು ಎರಡು ದಶಕ ಥಾಯ್ಲೆಂಡಿನಲ್ಲೇ ಅತಿ ಎತ್ತರದ್ದಾಗಿತ್ತು. 84ನೇ ಮಹಡಿಯಲ್ಲಿ ಸುತ್ತುವ ಅಟ್ಟವಿದೆ. ನೀವು ಸುಮ್ಮನೆ ನಿಂತರೆ ಸಾಕು, ಪ್ರದಕ್ಷಿಣೆಯ ಪುಣ್ಯ ತಾನಾಗಿ ಬರುತ್ತದೆ.

ಇಂಥ ಹೋಟೆಲುಗಳು ಮಾರುವುದು ಎತ್ತರವನ್ನಲ್ಲ, ಕೆಳಗಿನ ಗಲಾಟೆಯನ್ನೇ ಎಂಬುದು ನನ್ನ ವಾದ. ಸದ್ದು ಸೋಸಿ, ಧೂಳು ಝಾಡಿಸಿ, ಗಾಜಿನಾಚೆ ಇಟ್ಟು ಮಾರುತ್ತಾರೆ, ಅಷ್ಟೆ. ‘ಜನ ಮೇಲೇರುವುದು ಶಾಂತಿಗಾಗಿ’ ಎನ್ನುವಿರಾ? ಶಾಂತಿಯೇ ಬೇಕಿದ್ದರೆ ಚಿಯಾಂಗ್ ಮಾಯ್ ಕಡೆ ಬೆಟ್ಟಗಳಿಗೇನು ಬರ! ಸುತ್ತ ಬರೀ ಗದ್ದೆಯಿದ್ದರೆ ಕಿಟಕಿಗೆ ಇಷ್ಟು ಬಾಡಿಗೆ ಹುಟ್ಟುತ್ತಿತ್ತೇ? ‘ಇದೆಲ್ಲ ದುಡ್ಡಿನ ಜಂಭ’ ಎಂಬ ಮಾತೂ ಪೂರ್ತಿ ನಿಲ್ಲದು. ಕೋಣೆ ಹಿಡಿಯದವರೂ ಟಿಕೆಟ್ ಕೊಂಡು ಅಟ್ಟ ಹತ್ತುತ್ತಾರೆ. ಕಂಬಿ ಹಿಡಿದು ಬಗ್ಗಿ, ತಾವು ಚೌಕಾಸಿ ಮಾಡಿದ ಅಂಗಡಿ ಎಲ್ಲಿದೆ ಎಂದೇ ಹುಡುಕುತ್ತಾರೆ. ಆದ್ದರಿಂದ ಪ್ರತುನಾಮಿನ ವ್ಯಾಪಾರಿಗಳು ನಾಳೆ ಹೋಟೆಲಿನ ಬಾಡಿಗೆಯಲ್ಲಿ ಪಾಲು ಕೇಳಿದರೆ, ನಾನಂತೂ ಅವರ ಕಡೆ.