ಫೈಲಿನೊಳಗಿನ ತೋಟ

ಮೂಡಿಗೆರೆ ಸೀಮೆಯಲ್ಲಿ ಸರ್ಟಿಫಿಕೇಟ್ ಪಡೆದ ಪ್ರತಿ ಕಾಫಿ ಬೆಳೆಗಾರನಿಗೂ ಈಗ ಎರಡು ತೋಟ. ಒಂದು ಗುಡ್ಡದ ಮೇಲೆ, ಇನ್ನೊಂದು ಫೈಲಿನೊಳಗೆ. ಗುಡ್ಡದ ಮೇಲಿನ ತೋಟಕ್ಕೆ ಬೋರರ್ ಬೀಳುತ್ತದೆ, ಹೂಮಳೆ ಕೈಕೊಡುತ್ತದೆ, ಕುಯ್ಲಿನ ಹೊತ್ತಿಗೆ ಸರಿಯಾಗಿ ಆಳುಗಳು ನಾಪತ್ತೆಯಾಗುತ್ತಾರೆ. ಫೈಲಿನ ತೋಟದಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಎಲ್ಲರೂ ಗಂಬೂಟು ಹಾಕಿಕೊಂಡಿರುತ್ತಾರೆ, ಪ್ರತಿ ಬ್ಲಾಕಿಗೂ ಒಂದು ನಂಬರಿರುತ್ತದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಮುಗಿಯುವುದೇ ಇಲ್ಲ. ಕೇಳಿದರೆ ನಾನು ಆ ಎರಡನೆಯ ತೋಟದಲ್ಲೇ ಮನೆ ಕಟ್ಟಿಕೊಂಡು ಇದ್ದುಬಿಡುತ್ತೇನೆ.

ಅಪ್ಪನ ಕಾಲಕ್ಕೆ ಈ ಉಸಾಬರಿ ಇರಲಿಲ್ಲ. ಕಾಫಿ ಬೋರ್ಡಿನ ಪೂಲ್ ಇದ್ದ ದಿನಗಳಲ್ಲಿ ಬೆಳೆದದ್ದನ್ನು ಬೋರ್ಡಿಗೆ ಒಪ್ಪಿಸಿ, ದುಡ್ಡು ಕಂತು ಕಂತಾಗಿ ಬರುವುದನ್ನು ಕಾಯುತ್ತ ಕೂರುವುದೇ ಬೆಳೆಗಾರನ ಕೆಲಸ. ಹೇಗೆ ಬೆಳೆದಿರಿ ಎಂದು ಒಬ್ಬರೂ ಕೇಳುತ್ತಿರಲಿಲ್ಲ. 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿದು ಕಾಫಿಗೆ ಸ್ವಾತಂತ್ರ್ಯ ಬಂತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುವುದು. ಇಟಲಿಯವರು, ಜರ್ಮನಿಯವರು ಅದನ್ನು ಕುಡಿಯುತ್ತ ಕುಡಿಯುತ್ತ ಪ್ರಶ್ನೆ ಕೇಳಲು ಶುರುಮಾಡಿದರು. ಹಣ್ಣು ಕುಯ್ದವರಿಗೆ ಕೂಲಿ ಸರಿಯಾಗಿ ಕೊಟ್ಟಿರಾ? ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟಿರಾ? ಔಷಧಿ ಹೊಡೆಯುವವನ ಮೂಗಿಗೆ ಬಟ್ಟೆ ಇತ್ತಾ? ನ್ಯಾಯವಾದ ಪ್ರಶ್ನೆಗಳೇ, ತಕರಾರಿಲ್ಲ. ಆದರೆ ಅವರು ಕೊಟ್ಟಿಗೆಹಾರಕ್ಕೆ ಬಂದು ಕೇಳುವ ಹಾಗಿಲ್ಲ, ನಾವು ಮಿಲಾನಿಗೆ ಹೋಗಿ ಆಣೆ ಮಾಡುವ ಹಾಗಿಲ್ಲ. ನಡುವೆ ಇಬ್ಬರಿಗೂ ನೆಂಟನಲ್ಲದ ಮೂರನೆಯವನೊಬ್ಬ ಬೇಕು. ಅವನೇ ಆಡಿಟರ್.

ಈ ಮೂರನೆಯವನ ವಂಶವೃಕ್ಷ ಸ್ವಲ್ಪ ದೊಡ್ಡದು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋದಾಗ ಗೋಡೆಯ ಮೇಲಿನ ಐಎಸ್‌ಒ 9001 ಚೌಕಟ್ಟು ನೋಡಿ ನಮ್ಮ ದೊಡ್ಡಪ್ಪ, ಐಎಸ್‌ಒದ ಊರಾದ ಜಿನೀವಾದಿಂದಲೇ ಯಾರೋ ಬಂದು ಮೊಳೆ ಹೊಡೆದು ಹೋಗಿದ್ದಾರೆ ಎಂದುಕೊಂಡಿದ್ದರು. ಹಾಗಲ್ಲ. 1947ರಲ್ಲಿ ಹುಟ್ಟಿದ ಐಎಸ್‌ಒ ನಿಯಮ ಬರೆಯುತ್ತದೆಯೇ ಹೊರತು ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. 9001 ಎಂಬ ಗುಣಮಟ್ಟದ ನಿಯಮಾವಳಿ ಮೊದಲು ಬಂದದ್ದು 1987ರಲ್ಲಿ. ಕಂಪನಿ ಅದರಂತೆ ನಡೆಯುತ್ತಿದೆಯೇ ಎಂದು ನೋಡಿ ಕಾಗದ ಕೊಡುವುದು ಬೇರೆಯೇ ಸಂಸ್ಥೆ. ಆ ಸಂಸ್ಥೆಗೆ ಹಾಗೆ ನೋಡುವ ಯೋಗ್ಯತೆ ಉಂಟೇ ಎಂದು ನೋಡುವುದಕ್ಕೆ ದಿಲ್ಲಿಯಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಅಡಿ ಮತ್ತೊಂದು ಮಂಡಳಿ. ಇಷ್ಟನ್ನು ವಿವರಿಸಿದ ಮೇಲೆ ದೊಡ್ಡಪ್ಪ ಕೇಳಿದರು:

“ಅವರ ಮೇಲೆ ಯಾರು ಮಾರಾಯ?”

“ಅವರ ಮೇಲೆ ಒಂದು ಅಂತರರಾಷ್ಟ್ರೀಯ ಕೂಟ.”

“ಅದರ ಮೇಲೆ?”

“ಅದರ ಮೇಲೆ ಕಳಸೇಶ್ವರ,” ಎಂದೆ. ಆಗ ಅವರಿಗೆ ವ್ಯವಸ್ಥೆಯ ಮೇಲೆ ಪೂರ್ತಿ ನಂಬಿಕೆ ಬಂತು.

ತೋಟಗಳಿಗೆ ಬೇಕಾದ ಸರ್ಟಿಫಿಕೇಟುಗಳು ಬೇರೆ. ಸಾವಯವದ್ದು ಒಂದು, ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ರಾಸಾಯನಿಕ ಮುಟ್ಟದೆ ತಪಸ್ಸು ಮಾಡಬೇಕು, ಆ ಮೂರು ವರ್ಷವೂ ಕಾಫಿಯನ್ನು ಪೂರ್ತಿ ಸಾವಯವವೆಂದು ಮಾರುವ ಹಾಗಿಲ್ಲ. ಇನ್ನೊಂದು ಹಸಿರು ಕಪ್ಪೆಯ ಮುದ್ರೆಯ ರೈನ್‌ಫಾರೆಸ್ಟ್ ಅಲಯನ್ಸ್. ಉಟ್ಜ್ ಎಂಬ ಮತ್ತೊಂದಿತ್ತು. 2018ರಲ್ಲಿ ಇವೆರಡೂ ಒಂದಾದವು. ಎರಡು ಫೈಲು ಇಟ್ಟುಕೊಂಡಿದ್ದವರಿಗೆ ಒಂದೇ ಫೈಲು ಸಾಕಾಯಿತು. ಆದರೆ ಫೈಲಿನ ದಪ್ಪ ಎರಡರದ್ದೂ ಸೇರಿದಷ್ಟೇ ಉಳಿಯಿತು.

ಹತ್ತು ಹದಿನೈದು ಎಕರೆಯವನೊಬ್ಬನೇ ಆಡಿಟರನ ಖರ್ಚು ಹೊರಲಾರ. ಅದಕ್ಕೇ ಗುಂಪು. ರಫ್ತುದಾರನೋ ಬೆಳೆಗಾರರ ಸಂಘವೋ ನೂರಾರು ತೋಟಗಳನ್ನು ಸೇರಿಸಿ ಒಂದೇ ಸರ್ಟಿಫಿಕೇಟಿಗೆ ಅರ್ಜಿ ಹಾಕುತ್ತದೆ. ಗುಂಪಿನವರೇ ನೇಮಿಸಿದ ಹುಡುಗರು ಮೊದಲು ಎಲ್ಲ ತೋಟಗಳನ್ನೂ ಸುತ್ತಿ ಪಟ್ಟಿ ತುಂಬುತ್ತಾರೆ. ಆಮೇಲೆ ಹೊರಗಿನ ಆಡಿಟರ್ ಬಂದು ಒಂದಷ್ಟು ತೋಟ ಆರಿಸಿ ನೋಡುತ್ತಾನೆ. ಎಷ್ಟು ತೋಟ ಎಂಬುದಕ್ಕೆ ವಾಡಿಕೆಯ ಲೆಕ್ಕ: ಸದಸ್ಯರ ಸಂಖ್ಯೆಯ ವರ್ಗಮೂಲ. ನೂರು ಜನರಿದ್ದರೆ ಹತ್ತು, ನಾನೂರಿದ್ದರೆ ಇಪ್ಪತ್ತು. ಹೈಸ್ಕೂಲಿನಲ್ಲಿ ಮೇಷ್ಟ್ರ ಬೆತ್ತದ ತುದಿಯಲ್ಲಿ ಕಲಿತ ವರ್ಗಮೂಲಕ್ಕೆ ಬಾಳಿನಲ್ಲಿ ಇದಕ್ಕಿಂತ ಬೇರೆ ಉಪಯೋಗ ನಾನು ಕಂಡಿಲ್ಲ. ಆಡಿಟಿನ ವಾರ ಊರ ಸೊಸೈಟಿಯ ಜಗಲಿಯಲ್ಲಿ ರಾಜಕೀಯ ಬಂದ್. “ಮೂಲ ಯಾರ ಮೇಲೆ ಬಿತ್ತು?” ಎಂಬುದೊಂದೇ ಮಾತು. ಬಿದ್ದವನ ಮುಖ ನೋಡಿ ಬೀಳದವರು ಒಂದು ಕಾಫಿ ಹೆಚ್ಚಿಗೆ ಕುಡಿಯುತ್ತಾರೆ.

ಮೂಲ ನಮ್ಮ ಮೇಲೂ ಬಿತ್ತು. ನಮ್ಮ ತೋಟದ ರೈಟರು ಚೆಕ್‌ರೋಲ್ ಬರೆದೇ ಕೂದಲು ನರೆಸಿಕೊಂಡವರು. ಅವರ ಧರ್ಮ ಸರಳ: ಮಾಡಿದ ಕೆಲಸ ಗಿಡದಲ್ಲಿ ಕಾಣುತ್ತದೆ, ಬರೆಯುವುದೆಂಥದು? ಆಡಿಟಿನ ಧರ್ಮ ಇದಕ್ಕೆ ತದ್ವಿರುದ್ಧ: ಬರೆಯದಿದ್ದರೆ ಮಾಡಿಲ್ಲ. ಗೊಬ್ಬರ ಹಾಕಿದ್ದಕ್ಕೆ ಬಿಲ್ಲು, ಬಿಲ್ಲಿಗೆ ದಿನಾಂಕ, ದಿನಾಂಕಕ್ಕೆ ಬ್ಲಾಕು, ಬ್ಲಾಕಿಗೆ ನಕ್ಷೆ. ಖಾಲಿ ಔಷಧಿ ಡಬ್ಬಿಯನ್ನು ಮೂರು ಸಲ ತೊಳೆದು ತೂತು ಹೊಡೆದು ಇಟ್ಟದ್ದಕ್ಕೂ ಒಂದು ಪುಸ್ತಕ. ಲೈನ್ ಮನೆಯವರು ಅಂಥ ಡಬ್ಬಿಯಲ್ಲಿ ನೀರು ತುಂಬಿಡುತ್ತಿದ್ದ ಕಾಲ ನೆನೆದರೆ ಈ ತೂತಿನ ನಿಯಮ ಬರೆದವನಿಗೆ ಕೈಮುಗಿಯಬೇಕು. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಔಷಧಿ ಹೊಡೆಯುವಾಗ ಮೇಸ್ತ್ರಿಗೆ ಮಾಸ್ಕು, ಕನ್ನಡಕ, ಕೈಗವಸು, ಗಂಬೂಟು. ಮೊದಲ ದಿನ ಅವನು ಅಷ್ಟೂ ತೊಟ್ಟು ಬಂದಾಗ, ಅವನೇ ಅನ್ನ ಹಾಕಿ ಸಾಕಿದ ನಾಯಿ ಅವನನ್ನು ಪಲ್ಪರ್ ಮನೆ ತನಕ ಅಟ್ಟಿಸಿಕೊಂಡು ಹೋಯಿತು.

ದೂರಿನ ಪೆಟ್ಟಿಗೆಯದು ಬೇರೆಯೇ ಕಥೆ. ಕಾರ್ಮಿಕರು ಹೆಸರು ಹೇಳದೆ ದೂರು ಕೊಡುವ ವ್ಯವಸ್ಥೆ ಇರಬೇಕೆಂಬುದು ನಿಯಮ. ಕಾಫಿ ಕಣದ ಪಕ್ಕ ಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿಸಿದೆವು. ಆಡಿಟರು ಅದನ್ನು ತೆರೆಸಿದಾಗ ಒಳಗೆ ಮಿಸ್ರಿ ಜೇನು ಸಂಸಾರ ಹೂಡಿತ್ತು, ಅದರ ಮೇಣದ ನಡುವೆ ಒಂದು ಚೀಟಿ: “ಪೆಟ್ಟಿಗೆ ಎತ್ತರಕ್ಕೆ ಕಟ್ಟಿದ್ದಾರೆ, ಕೈಗೆ ಎಟುಕಲ್ಲ.” ನಾನು ನೆಲ ನೋಡಿದೆ. ಆಡಿಟರ ಮುಖ ಮಾತ್ರ ಅರಳಿತು. ಖಾಲಿ ಪೆಟ್ಟಿಗೆಯಾದರೆ ಅನುಮಾನವಂತೆ. ದೂರು ಇದ್ದರೆ ವ್ಯವಸ್ಥೆ ಜೀವಂತ ಇದೆಯೆಂದು ಅರ್ಥ. ಜೇನಿಗೂ ಜೀವವೈವಿಧ್ಯದ ಕಾಲಮ್ಮಿನಲ್ಲಿ ಜಾಗ ಸಿಕ್ಕಿತು.

ಕೆಲಸದವರನ್ನು ಮಾಲೀಕನಿಲ್ಲದ ಕಡೆ ಮಾತಾಡಿಸುವುದು ಕಡ್ಡಾಯ. ಹಣ್ಣು ಕುಯ್ಯುತ್ತಿದ್ದ ನಮ್ಮ ಹಿರಿಯ ಹೆಂಗಸಿನ ಹತ್ತಿರ ಆಡಿಟರು ಹೋದರು. ನಾನು ದೂರದಲ್ಲಿ ಅತ್ತಿಮರದ ಕೆಳಗೆ, ಹೈಸ್ಕೂಲಿನ ರಿಸಲ್ಟಿನ ದಿನ ನಿಂತಿದ್ದ ಭಂಗಿಯಲ್ಲೇ. ಬಹಳ ಹೊತ್ತಾದ ಮೇಲೆ ಆಡಿಟರು ಸ್ವಲ್ಪ ಮಂಕಾಗಿ ಬಂದರು. ಆಮೇಲೆ ತಿಳಿದದ್ದು: ಅವರು ಎರಡು ಪ್ರಶ್ನೆ ಮುಗಿಸುವುದರೊಳಗೆ ಆಕೆ ತಿರುಗಿ ವಿಚಾರಣೆ ಶುರುಮಾಡಿದ್ದಳು. “ನಿಮಗೆಷ್ಟು ಸಂಬಳ? ಬಸ್ ಚಾರ್ಜು ಕೊಡ್ತಾರಾ? ಭಾನುವಾರನೂ ಕೆಲಸನಾ? ಹಂಗಾದ್ರೆ ನೀವ್ಯಾಕೆ ದೂರು ಕೊಡಲ್ಲ?”

ಕಾಡುಪ್ರಾಣಿಗಳ ಕಾಲಮ್ಮಿನಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಬೇಟೆ ನಿಷೇಧದ ಬೋರ್ಡು ಹಾಕಬೇಕಿತ್ತು, ಹಾಕಿದೆವು. ಕಾಟಿಯೊಂದು ಬಂದು ಅದಕ್ಕೆ ಮೈ ಉಜ್ಜಿ ಬೀಳಿಸಿತು. ತೋಟದಲ್ಲಿ ಕಂಡ ಪ್ರಾಣಿಗಳು ಎಂಬಲ್ಲಿ ರೈಟರು ನಿಟ್ಟುಸಿರುಬಿಟ್ಟು “ಆನೆ” ಎಂದು ಬರೆದರೆ ಆಡಿಟರಿಗೆ ಪರಮಾನಂದ. ಅದು ಮುರಿದು ಹಾಕಿದ ಗಿಡಗಳನ್ನು ಬರೆಯಲು ಮಾತ್ರ ಕಾಲಮ್ಮಿಲ್ಲ.

ಕೊನೆಗೆ ಕ್ಲೋಸಿಂಗ್ ಮೀಟಿಂಗ್. ಕೊರತೆಗಳಿಗೆ ಇವರ ಭಾಷೆಯಲ್ಲಿ ಎನ್‌ಸಿ ಎನ್ನುತ್ತಾರೆ. ನಮಗೆ ಬಂದದ್ದು ಎತ್ತರದ ಪೆಟ್ಟಿಗೆಗೆ, ಮತ್ತೆ ಔಷಧಿ ಕೋಣೆಯ ಬೀಗದ ಕೈ ಬೀಗದಲ್ಲೇ ನೇತಾಡುತ್ತಿದ್ದುದಕ್ಕೆ. ಗಡುವಿನೊಳಗೆ ಸರಿಪಡಿಸಿ ಫೋಟೋ ಕಳಿಸಬೇಕು. ಸರ್ಟಿಫಿಕೇಟಿನ ಆಯುಷ್ಯ ಮೂರು ವರ್ಷ, ನಡುವೆ ಮತ್ತೆ ಮತ್ತೆ ತಪಾಸಣೆ. ಪೆಟ್ಟಿಗೆ ಕೆಳಗಿಳಿಯಿತು. ಜೇನು ಮುನಿಸಿಕೊಂಡು ಹೋಯಿತು.

ಇಷ್ಟು ಮುಗಿಯುವ ಹೊತ್ತಿಗೆ ಯುರೋಪಿನವರು ಹೊಸ ಕಾನೂನು ತಂದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡ. ಹಾಗೆ ಕಡಿದಿಲ್ಲವೆಂದು ತೋರಿಸಲು ಪ್ರತಿ ತೋಟದ ಜಾಗವನ್ನೂ ಉಪಗ್ರಹದ ಲೆಕ್ಕದಲ್ಲಿ ಗುರುತಿಸಬೇಕು; ನಾಲ್ಕು ಹೆಕ್ಟೇರಿಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡದಾದರೆ ಗಡಿಯ ಸುತ್ತಲೂ ಗೆರೆ ಎಳೆಯಬೇಕು. ಕಾನೂನು ಬಂದದ್ದು 2023ರಲ್ಲಿ, ಜಾರಿಯ ದಿನ ಮಾತ್ರ ನಮ್ಮ ಹೂಮಳೆ ಹಾಗೆ ಮುಂದೆ ಮುಂದೆ ಹೋಗುತ್ತಿದೆ. ಫೋನ್ ಹಿಡಿದು ಗಡಿ ಸುತ್ತಲು ಬಂದ ಹುಡುಗ ಮಲೆನಾಡಿನವನೇ. ಗೇಟಿನ ಹತ್ತಿರ ನಿಂತು ಮೆಲ್ಲಗೆ ಕೇಳಿದ:

“ಸರ್, ಬೇಲಿ ಗುಂಟ ಹೋಗೋಣವಾ, ಪಹಣಿ ಗುಂಟ ಹೋಗೋಣವಾ?”

ನಮ್ಮ ಸೀಮೆ ಗೊತ್ತಿದ್ದವರಿಗೆ ಈ ಪ್ರಶ್ನೆಯ ಆಳ ಗೊತ್ತು. ಇಲ್ಲಿ ಪಹಣಿಯ ತೋಟವೂ ಬೇಲಿಯೊಳಗಿನ ತೋಟವೂ ಒಂದೇ ಅಳತೆಗೆ ಬಂದರೆ ಆ ಮನೆತನ ಬಹಳ ಸಾಧು ಎಂದು ಅರ್ಥ. ಒತ್ತುವರಿ ಸಕ್ರಮಕ್ಕೆ ಫಾರಂ 50, 53 ಹಾಕಿ ಕಾದವರ ಮಕ್ಕಳು ಈಗ ಫಾರಂ 57ರ ಕಾಲದವರು. ಬೇಲಿ ಗುಂಟ ಹೋದರೆ ಜರ್ಮನಿಗೆ ಸಮಾಧಾನ, ತಾಲೂಕು ಕಚೇರಿಗೆ ಕುತೂಹಲ. ಪಹಣಿ ಗುಂಟ ಹೋಗೋಣವೆಂದರೆ ಅದರಲ್ಲಿ ಇರುವುದು ಅಜ್ಜನ ಹೆಸರು. ಪೌತಿ ಖಾತೆ ಆಗಿಲ್ಲ. ನಾವು ಯಾವ ಗುಂಟ ಹೋದೆವೆಂದು ಬರೆಯುವುದಕ್ಕೆ ಇದು ಜಾಗವಲ್ಲ.

ಆ ಹುಡುಗ ಫೋನಿನಲ್ಲಿ ನಮ್ಮ ತೋಟದ ಉಪಗ್ರಹ ಚಿತ್ರ ತೋರಿಸಿದ. ಅದರಲ್ಲಿ ಕಾಫಿ ಗಿಡವೇ ಇಲ್ಲ. ನೇರಳೆ, ಹಲಸು, ನಂದಿ, ಬಸರಿ, ಸಿಲ್ವರ್ ಓಕ್ ತಲೆ ಕೂಡಿಸಿ ನಿಂತು ಅಪ್ಪಟ ಕಾಡಾಗಿತ್ತು. ನೆರಳಲ್ಲಿ ಕಾಫಿ ಬೆಳೆಯುವವರಿಗೆ ಇದೇ ಹೆಮ್ಮೆ, ಇದೇ ಫಜೀತಿ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬಿಸಿಲು ಬಿಟ್ಟರೆ ಕೆಳಗಿನಿಂದ ನೋಡುವವರಿಗೆ ಅದು ಒಳ್ಳೆಯ ಬೇಸಾಯ, ಮೇಲಿನಿಂದ ನೋಡುವವರಿಗೆ ಅರಣ್ಯನಾಶ. ಏಳು ಬೀಜ ಬಚ್ಚಿಟ್ಟು ತಂದರೆಂಬ ಬಾಬಾಬುಡನ್ ಅವರನ್ನು ಯಾವ ಉಪಗ್ರಹವೂ ನೋಡಲಿಲ್ಲ. ಅವರ ಗಿರಿಯ ಅರೇಬಿಕಾಗೆ 2019ರಲ್ಲಿ ಚಿಕ್ಕಮಗಳೂರು ಅರೇಬಿಕಾದ ಜೊತೆಗೇ ಭೌಗೋಳಿಕ ಸೂಚಿಕೆಯೂ ಸಿಕ್ಕಿತು.

ಸರ್ಟಿಫಿಕೇಟಿನ ಕಾಫಿಗೆ ದರದ ಮೇಲೆ ಸಿಗುವ ಪ್ರೀಮಿಯಂ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕಾಫಿ ದರ ಏರಿದ ವರ್ಷ ಅದು ಯಾರಿಗೂ ನೆನಪಾಗುವುದಿಲ್ಲ, ಬಿದ್ದ ವರ್ಷ ಅದೊಂದೇ ನೆನಪು. ಪೇಟೆಯ ವ್ಯಾಪಾರಿಯಂತೂ ಕಪ್ಪೆಯ ಚಿತ್ರದ ಕಡೆ ಕಣ್ಣೂ ಹಾಯಿಸದೆ ಚೀಲಕ್ಕೆ ಕೈಹಾಕಿ, ತೇವಾಂಶ ನೋಡಿ, “ಓಟಿ ಎಷ್ಟು ಬರ್ತದೆ?” ಎನ್ನುತ್ತಾನೆ. ಓಟಿ ಎಂದರೆ ಚೀಲಕ್ಕೆ ಇಳಿಯುವ ಕಾಫಿಬೇಳೆಯ ಲೆಕ್ಕ.

ಆದರೆ ಕಳಸದ ಕಡೆಯ ನೆಂಟರೊಬ್ಬರು ಸರ್ಟಿಫಿಕೇಟಿಗೆ ಬೇರೆ ಮಾರುಕಟ್ಟೆ ಕಂಡುಹಿಡಿದರು. ತೋಟದಲ್ಲಿರುವ ಹುಡುಗರಿಗೆ ಹೆಣ್ಣು ಸಿಗದ ಕಾಲ ಇದು. ಮಗನ ಬಯೋಡೇಟಾದಲ್ಲಿ ಗೋತ್ರ, ನಕ್ಷತ್ರದ ಕೆಳಗೆ “ತೋಟ: ಅಂತರರಾಷ್ಟ್ರೀಯ ಮಾನ್ಯತೆ ಪಡೆದದ್ದು” ಎಂದು ಹಾಕಿಸಿದರು. ಬೆಂಗಳೂರಿನಿಂದ ಹುಡುಗಿ, ಅವಳ ಅಪ್ಪ, ಅಮ್ಮ ಬಂದರು. ಅಮ್ಮ ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದರು. ಅಪ್ಪ ಆಸ್ಪತ್ರೆ ಎಷ್ಟು ದೂರವೆಂದು ಕೇಳಿ ಬರೆದುಕೊಂಡರು. ಹುಡುಗಿ ಕಣದ ನಾಲ್ಕೂ ಮೂಲೆಗೆ ನಡೆದು, ಫೋನ್ ಎತ್ತಿ ಹಿಡಿದು, ನೆಟ್‌ವರ್ಕ್ ಬರುವ ಜಾಗಕ್ಕೆ ಒಂದು ಕಲ್ಲಿಟ್ಟಳು. ಹುಡುಗನನ್ನು ಅವನ ಅಪ್ಪ ಅಮ್ಮ ಇಲ್ಲದ ಕಡೆ ಕರೆದು ಮಾತಾಡಿಸಿದಳು. ಕ್ಲೋಸಿಂಗ್ ಮೀಟಿಂಗಿಗೆ ಮಾತ್ರ ನಿಲ್ಲಲಿಲ್ಲ. ಕಡುಬು ತಿಂದು, ಕಾಫಿ ಕುಡಿದು, ಕತ್ತಲಾಗುವ ಮುಂಚೆ ಘಾಟಿ ದಾಟಬೇಕೆಂದು ಹೊರಟರು. ವರದಿ ಇನ್ನೂ ಬಂದಿಲ್ಲ.