ಎತ್ತಿನ ಹಲ್ಲು, ಟ್ರಂಪೆಟ್ಟಿನ ನಂಬರು

ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳಬಹುದೆಂಬುದು ದನದ ಸಂತೆಗೆ ಒಮ್ಮೆ ಹೋಗಿಬಂದವರಿಗೂ ಗೊತ್ತಿರುವ ಸಂಗತಿಯಾದರೂ, ಟ್ರಂಪೆಟ್ಟಿನ ವಯಸ್ಸನ್ನು ಅದರ ನಡುವಿನ ವಾಲ್ವಿನ ಮೇಲೆ ಕೊರೆದ ನಂಬರಿನಿಂದ ಲೆಕ್ಕ ಹಾಕಬೇಕೆಂಬ ಶಾಸ್ತ್ರವು, ಕರ್ನಾಟಕ ಮುಗಿದು ಮಹಾರಾಷ್ಟ್ರ ತೊಡಗುವ ಕೊಗನೊಳ್ಳಿಯಂಥ ಊರಿನಲ್ಲಿ ಇನ್ನೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ವಾಲ್ವ್ ಎಂದರೆ ಬೆರಳಿನಿಂದ ಒತ್ತುವ ಗುಂಡಿ ಮತ್ತು ಅದರ ಕೆಳಗಿನ ಪಿಸ್ಟನ್. ಒತ್ತಿದಾಗ ಅದು ಉಸಿರನ್ನು ಇನ್ನೊಂದು ಸುತ್ತು ಕೊಳವೆಯಲ್ಲಿ ಹಾಯಿಸಿ, ದಾರಿಯನ್ನು ಉದ್ದ ಮಾಡಿ, ಸ್ವರವನ್ನು ಇಳಿಸುತ್ತದೆ. 1839ರಲ್ಲಿ ಪ್ಯಾರಿಸ್ಸಿನ ಪೆರಿನೆ ಎಂಬಾತ ರೂಪಿಸಿದ ಈ ಏರ್ಪಾಡು ಇಂದಿಗೂ ಬಹುಮಟ್ಟಿಗೆ ಹಾಗೆಯೇ ಉಳಿದಿರುವುದರಿಂದ, ಹಳೆಯ ಟ್ರಂಪೆಟ್ ಕೊಳ್ಳುವುದು ಹಳೆಯ ಮೋಟಾರು ಕೊಂಡಷ್ಟು ಅವಿವೇಕವಲ್ಲ. ಕೊಂಡವರು ಮನೆಯಲ್ಲಿ ಹಾಗೆಂದೇ ವಾದಿಸುತ್ತಾರೆ.

ಹಳೆಯ ಮಾದರಿಗಳನ್ನು ಹೋಲಿಸತೊಡಗಿದವನಿಗೆ ಮೊದಲು ಎದುರಾಗುವುದು ಹೆಸರುಗಳ ಗೊಂದಲ. ಅಮೆರಿಕದ ವಿನ್ಸೆಂಟ್ ಬಾಕ್ 1918ರಲ್ಲಿ ತುಟಿಗಿಡುವ ಮೌತ್‌ಪೀಸುಗಳಿಂದ ವ್ಯಾಪಾರ ಆರಂಭಿಸಿ, ಮುಂದೆ ತನ್ನ ಟ್ರಂಪೆಟ್ಟಿಗೆ ಪಿಟೀಲು ಮಾಡುತ್ತಿದ್ದ ಸ್ಟ್ರಾಡಿವೇರಿಯಸ್ಸನ ಹೆಸರಿಟ್ಟನು. ಎಮ್ಮೆಗೆ ಕಾಮಧೇನು ಎಂದು ಕರೆಯುವ ನಮ್ಮವರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ಮಾರ್ಟಿನ್ ಕಂಪನಿಯ ಹೆಸರಾಂತ ಮಾದರಿಯನ್ನು ‘ಕಮಿಟಿ’ ಎನ್ನುತ್ತಾರೆ. ಕಮಿಟಿಯಿಂದ ಊರಿನ ಗಟಾರವೂ ನೆಟ್ಟಗಾಗುವುದಿಲ್ಲವೆಂದು ಕಂಡವರಿಗೆ, ಜಾಝ್ ವಾದಕ ಮೈಲ್ಸ್ ಡೇವಿಸ್ ಈ ‘ಕಮಿಟಿ’ಯನ್ನೇ ನೆಚ್ಚಿಕೊಂಡಿದ್ದನೆಂಬುದು ಸುಲಭವಾಗಿ ನಂಬಿಕೆಗೆ ಬರಲಾರದು. ಓಲ್ಡ್ಸ್ ಕಂಪನಿಯ ‘ಅಂಬಾಸಿಡರ್’ ಶಾಲಾ ಮಕ್ಕಳಿಗಾಗಿ ಮಾಡಿದ ಗಟ್ಟಿ ಮಾಲು. ಆ ಕಂಪನಿ 1979ರ ಹೊತ್ತಿಗೆ ಮುಚ್ಚಿಹೋದರೂ, ಅದೇ ಹೆಸರಿನ ನಮ್ಮ ಕಾರಿನಂತೆ, ವಾದ್ಯ ಮಾತ್ರ ಓಡುತ್ತಲೇ ಇದೆ. ಇನ್ನು 1953ರಲ್ಲಿ ಯಾರೋ ಮೇಲೆ ಬಿದ್ದು ಇನ್ನೊಬ್ಬ ಜಾಝ್ ವಾದಕ ಡಿಜ್ಜಿ ಗಿಲೆಸ್ಪಿಯ ಟ್ರಂಪೆಟ್ಟಿನ ಬಾಯಿ ಆಕಾಶಕ್ಕೆ ಮುಖ ಮಾಡಿದ ಮೇಲೆ, ಆತ ಅದರ ನಾದಕ್ಕೇ ಮರುಳಾಗಿ ಮುಂದೆ ಬೇಕೆಂದೇ ಹಾಗೆ ಮಾಡಿಸಿಕೊಂಡನೆಂಬ ಕಥೆಯೊಂದಿದೆ. ಸೊಟ್ಟಗಾದ ಮಾಲನ್ನು ಮಾರುವವರೆಲ್ಲ ಈ ಕಥೆಗೆ ಋಣಿಗಳಾಗಿರಬೇಕು.

ಆದರೆ ಈ ಭಾಗದ ಗಿರಾಕಿಗೆ ನಿಜವಾದ ಗಂಡಾಂತರವಿರುವುದು ಇಂಗ್ಲೆಂಡಿನ ಹಳೆಯ ವಾದ್ಯಗಳಲ್ಲಿ. ಹಿತ್ತಾಳೆ ವಾದ್ಯದ ಬ್ಯಾಂಡು ನಮ್ಮಲ್ಲಿಗೆ ಬಂದದ್ದು ಪಲ್ಟನ್ನಿನ ಹಿಂದೆ. ಬ್ರಿಟಿಷ್ ಬ್ಯಾಂಡುಗಳು 1960ರ ದಶಕದವರೆಗೂ ‘ಹೈ ಪಿಚ್’ ಎಂಬ ಏರು ಶ್ರುತಿಯನ್ನು ಬಿಟ್ಟಿರಲಿಲ್ಲ. ಜಗತ್ತು ‘ಎ’ ಎಂಬ ಸ್ವರವನ್ನು ಸೆಕೆಂಡಿಗೆ 440 ಕಂಪನಗಳಿಗೆ ಗೊತ್ತುಮಾಡಿದ್ದರೆ, ಅವರದು 452ರ ಆಚೀಚೆ. ವ್ಯತ್ಯಾಸ ಹೆಚ್ಚೇನಲ್ಲ, ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಸುಮಾರು ಅರ್ಧ. ಅಂದರೆ ಅಂಥ ವಾದ್ಯದ ಸ್ವರವು ಕರಿ ಮನೆಗೂ ಸೇರದೆ ಬಿಳಿ ಮನೆಗೂ ಸೇರದೆ, ಟೋಲ್ ನಾಕೆಯಲ್ಲಿ ಸಿಕ್ಕಿಕೊಂಡ ಲಾರಿಯಂತೆ ನಡುವೆಯೇ ನಿಂತುಬಿಡುತ್ತದೆ. ಒಂಟಿಯಾಗಿ ಊದಿದಾಗ ಗಂಧರ್ವಗಾನವೆನಿಸಿದ ಟ್ರಂಪೆಟ್ಟು ಕ್ಯಾಸಿಯೋ ಕೀಬೋರ್ಡಿನ ಜೊತೆ ಸೇರಿದೊಡನೆ ಜಗಳಕ್ಕೆ ನಿಲ್ಲುತ್ತದೆ. ಶ್ರುತಿಯ ಕೊಳವೆಯನ್ನು ಹೊರಗೆಳೆದು ಇಳಿಸಬಹುದು. ಆಗ ಮೂರೂ ವಾಲ್ವುಗಳ ಕೊಳವೆಗಳನ್ನೂ ಅದೇ ಲೆಕ್ಕದಲ್ಲಿ ಎಳೆಯಬೇಕಾಗಿ, ವಾದ್ಯಕ್ಕೆ ಕೈಕಾಲು ಮುರಿದು ಕಟ್ಟು ಕಟ್ಟಿಸಿಕೊಂಡವನ ರೂಪ ಬರುತ್ತದೆ.

ಪರೀಕ್ಷೆಯ ವಿಧಾನಗಳು ಸರಳ. ವಾಲ್ವನ್ನು ಒತ್ತದೆ ಅದರ ಕೊಳವೆಯನ್ನು ತುಸು ಹೊರಗೆಳೆದು, ಸ್ವಲ್ಪ ತಡೆದು, ಬಳಿಕ ಒತ್ತಿದರೆ ‘ಟಪ್’ ಎನ್ನಬೇಕು. ಎನ್ನದಿದ್ದರೆ ಪಿಸ್ಟನ್ ಸವೆದು ಗಾಳಿ ಸೋರುತ್ತಿದೆ ಎಂದರ್ಥ. ಮೌತ್‌ಪೀಸ್ ಸೇರುವ ಮೊದಲ ಕೊಳವೆಯ ಮೇಲೆ ಗುಲಾಬಿ ಚುಕ್ಕೆಗಳಿವೆಯೇ ಎಂದೂ ನೋಡಬೇಕು. ಹಿತ್ತಾಳೆಯೆಂಬುದು ತಾಮ್ರ ಮತ್ತು ಸತುವಿನ ಸಂಸಾರ. ಬಾಯಿಯ ತೇವ ವರ್ಷಗಟ್ಟಲೆ ತಗುಲಿ ಸತು ಮನೆ ಬಿಟ್ಟುಹೋದ ಕಡೆ ತಾಮ್ರವೊಂದೇ ಕೆಂಪಗೆ ಉಳಿದು, ಕೊನೆಗೆ ತೂತು ಬೀಳುತ್ತದೆ. ಇದನ್ನು ‘ಕೆಂಪು ಕೊಳೆ’ ಎನ್ನಬಹುದು. ಮಾರುವವನು ಮಾತ್ರ ಇದನ್ನು ‘ಹಳೇ ಕಾಲದ ಕಳೆ’ ಎನ್ನುತ್ತಾನೆ.

ಇಷ್ಟೆಲ್ಲ ಓದಿಕೊಂಡು ನಿಪ್ಪಾಣಿ, ಕಾಗಲ, ಕೊಲ್ಲಾಪುರದ ಕಡೆ ಹುಡುಕಹೊರಟ ಗಿರಾಕಿಗೆ ಕಾಣಸಿಗುವುದು ಬಾಕ್ ಅಲ್ಲ, ಮಾರ್ಟಿನ್ನೂ ಅಲ್ಲ. ಸಿತಾರಿಗಾದರೆ ಮಗ್ಗುಲ ಮಿರಜವೇ ಸಾಕು, ಹಿತ್ತಾಳೆಗೆ ಮಾತ್ರ ಅಕ್ಷರದಲ್ಲಷ್ಟೇ ಹತ್ತಿರವಿರುವ ಮೀರತ್ ಆಗಬೇಕು. ಅಲ್ಲಿನ ಜಲಿ ಕೋಠಿ ಎಂಬ ಪೇಟೆ ಮತ್ತು 1885ರಲ್ಲಿ ಸ್ಥಾಪನೆಯಾದ ನಾದಿರ್ ಅಲಿ ಕಂಪನಿ ದೇಶದ ಮದುವೆಗಳಿಗೆಲ್ಲ ಕೊಳವೆ ಒದಗಿಸಿವೆ. ಪಶ್ಚಿಮದ ಸಂಗ್ರಾಹಕರು ‘ವಿಂಟೇಜ್’ ಎನ್ನುವ ಮಾತಿಗೆ, ದುಡಿಮೆ ಮುಗಿಸಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ ವಾದ್ಯವೆಂಬ ಧ್ವನಿಯಿದೆ. ಇಲ್ಲಿಯ ಬ್ಯಾಂಡ್ ಕಂಪನಿಗಳಲ್ಲಿ ಅಂಥದ್ದು ಹುಟ್ಟುವುದೇ ಕಷ್ಟ, ಏಕೆಂದರೆ ವಾದ್ಯಕ್ಕೆ ಪಿಂಚಣಿಯಿಲ್ಲ. ಅಲ್ಲಿ ಬೆಲೆ ಇಳಿಸುವ ತಗ್ಗು ಇಲ್ಲಿ ಸೇವಾ ಪುಸ್ತಕದ ನಮೂದು: ಇದು ಜೀಪಿನಿಂದ ಬಿದ್ದದ್ದು, ಇದು ವರನ ಕುದುರೆ ಬೆದರಿದಾಗ ಆದದ್ದು.

ಬ್ಯಾಂಡಿನ ಮಾಲಕರ ಬಳಿ ಇಂಥದೊಂದನ್ನು ಕೇಳಿದವನಿಗೆ ಸುಪಾರಿಯ ಲೆಕ್ಕ ಒಪ್ಪಿಸಲಾಗುತ್ತದೆ. ಸುಪಾರಿ ಎಂಬುದಕ್ಕೆ ಪತ್ರಿಕೆಗಳಲ್ಲಿ ಯಾವ ಅರ್ಥವಿದ್ದರೂ, ಈ ಗಡಿಯಲ್ಲಿ ಅದು ಮದುವೆಗೆ ಬಾಜಾ ಗೊತ್ತುಮಾಡಿ ಕೊಡುವ ಮುಂಗಡ. “ಲಗ್ನಸರಾಯಿ ಒಂದು ಮುಗೀಲಿ ತಗೋರಿ ಸಾಹೇಬ್ರ, ನೋಡೂಣು” ಎಂಬ ಉತ್ತರ ಬರುತ್ತದೆ. ಲಗ್ನಗಳು ಮುಗಿದು ಆಷಾಢದಲ್ಲಿ ವಾದ್ಯ ರಿಪೇರಿಗೆ ಹೋಗುತ್ತದೆ, ಬರುವಷ್ಟರಲ್ಲಿ ಗಣಪತಿ ಕೂಡುತ್ತಾನೆ, ಅವನನ್ನು ಕಳಿಸುವಷ್ಟರಲ್ಲಿ ದಸರೆ. ಅದಾದ ಮೇಲೆ ಗಿರಾಕಿ ರೊಕ್ಕ ಎಣಿಸಿಕೊಂಡು ಬಂದರೆ, ತುಳಸಿ ಲಗ್ನ ಆಗಿಹೋಗಿದ್ದು, ಟ್ರಂಪೆಟ್ಟು ಮೆರವಣಿಗೆಯ ಮುಂದೆ ಊದುತ್ತಾ ಹೋಗುತ್ತಿರುತ್ತದೆ.