ಬೆಲ್ಟಿನ ಪ್ರಲಾಪ

ಯಂತ್ರಗಳಿಗೆ ತಗಲುವ ವ್ಯಾಧಿಗಳೊಳಗೆ ನಿಶ್ಶಬ್ದವಾದವು ಒಡೆಯನ ಹಣವನ್ನಷ್ಟೇ ಭಕ್ಷಿಸಿ ತೃಪ್ತವಾಗುತ್ತವೆ. ಸಶಬ್ದವಾದವುಗಳಿಗೆ ಅವನ ಮಾನವೂ ಬೇಕಾಗುತ್ತದೆ. ಅಡಕೆಯ ಮೂಟೆಗಳನ್ನು ಮಂಡಿಗೆ ಮುಟ್ಟಿಸಿ, ಹಿಂದಿರುಗುವಾಗ ಗೊಬ್ಬರವನ್ನೂ ಹಿಂಡಿಯನ್ನೂ ದಾರಿಯಲ್ಲಿ ಕೈ ತೋರಿದ ನೆಂಟರನ್ನೂ ಸಮಭಾವದಿಂದ ಹೊತ್ತು ತರುತ್ತಿದ್ದ ನಮ್ಮ ಪಿಕಪ್ಪು, ಆಷಾಢದ ಮಳೆ ಹಿಡಿದ ಮೇಲೆ, ಮುಂಜಾನೆ ಕೀಲಿ ತಿರುಗಿಸಿದೊಡನೆಯೇ ಬಾನೆಟ್ಟಿನೊಳಗಿನಿಂದ ದೀರ್ಘವಾದೊಂದು ಚೀತ್ಕಾರವನ್ನು ಹೊರಡಿಸಿ, ತರುವಾಯ ಕಿಚ್ ಕಿಚ್ ಎಂದು ತಾಳಬದ್ಧವಾಗಿ ಅಳುತ್ತಲೇ ಕೆರೆಯ ಏರಿಯನ್ನು ದಾಟುವ ವ್ರತವನ್ನು ಕೈಕೊಂಡಾಗ, ಊರಿನವರು ಮರುಕಪಟ್ಟದ್ದು ಎಂಜಿನ್ನಿನ ಆರೋಗ್ಯಕ್ಕಾಗಿ ಅಲ್ಲ, ನನ್ನ ಆರ್ಥಿಕ ಸ್ಥಿತಿಗಾಗಿ.

ಶಬ್ದಕ್ಕೆ ಕಾರಣವನ್ನು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಥೇಚ್ಛವಾಗಿದ್ದರು. ಅತ್ತೆಯವರು ದೃಷ್ಟಿದೋಷವೆಂದು ನಿರ್ಣಯಿಸಿ ಮುಂಭಾಗಕ್ಕೆ ನಿಂಬೆಹಣ್ಣು ಮೆಣಸಿನಕಾಯಿಗಳನ್ನು ಕಟ್ಟಿಸಿದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದಂದಿನಿಂದ ಯಾವ ವಿಷಯದಲ್ಲಿಯೂ ಸಂಶಯವೆಂಬುದನ್ನೇ ಅರಿಯದ ನಮ್ಮ ಭಾವನವರು, ಎಂಜಿನ್ನಿನ ಆಯುಸ್ಸು ಮುಗಿಯಿತೆಂದೂ, ಉಸಿರಿರುವಾಗಲೇ ಮಾರಿಬಿಡುವುದು ವಿವೇಕವೆಂದೂ ಸಾರಿದರು. ಚಾಲಕನು ಮಾತ್ರ ಮಾತನಾಡದೆ ಬಚ್ಚಲಿನಿಂದ ಸಾಬೂನಿನ ಬಿಲ್ಲೆಯೊಂದನ್ನು ತಂದು ಬೆಲ್ಟಿನ ಒಳಮೈಗೆ ಚೆನ್ನಾಗಿ ತಿಕ್ಕಿದನು. ವಾಹನವು ಸೇತುವೆಯವರೆಗೆ ಮೌನವಾಗಿದ್ದು, ಅಲ್ಲಿಂದಾಚೆಗೆ ದ್ವಿಗುಣಿತವಾದ ಉತ್ಸಾಹದಿಂದ ಅಳತೊಡಗಿತು. ಕೂಗುವ ಬೆಲ್ಟಿಗೆ ಸಾಬೂನು, ಮೇಣ, ಎಣ್ಣೆಗಳನ್ನು ಬಳಿಯುವ ಈ ಪದ್ಧತಿ ಹಳೆಯದು. ಧೂಳನ್ನು ಆಕರ್ಷಿಸಿ, ರಬ್ಬರಿನ ಹಿಡಿತವನ್ನು ಕೆಡಿಸಿ, ರೋಗವನ್ನು ಇನ್ನಷ್ಟು ದಿನ ಅಡಗಿಸಿಡುವುದಕ್ಕಿಂತ ಹೆಚ್ಚಿನ ಉಪಕಾರ ಅದರಿಂದಾದದ್ದನ್ನು ನಾನು ಕಾಣೆ.

ಹಿಂದಿನ ವಾಹನಗಳಲ್ಲಿ ಡೈನಮೋಗೊಂದು, ಸ್ಟೇರಿಂಗಿನ ಪಂಪಿಗೊಂದು, ತಂಪುಯಂತ್ರಕ್ಕೊಂದು ಎಂದು ಬೇರೆಬೇರೆ ಬೆಲ್ಟುಗಳಿದ್ದು, ಒಂದು ಹರಿದರೆ ಅದಕ್ಕೆ ಸೇರಿದವರಷ್ಟೇ ಉಪವಾಸ ಬೀಳುತ್ತಿದ್ದರು. 1979ರ ಮಾದರಿಯ ಫೋರ್ಡ್ ಮಸ್ಟಾಂಗ್ ಕಾರಿನ ಕಾಲದಿಂದ ಆ ವಿಭಕ್ತ ಕುಟುಂಬಗಳೆಲ್ಲ ಮೆಲ್ಲಮೆಲ್ಲನೆ ಒಂದೇ ಒಲೆಗೆ ಬಂದವು. ಈಗ ಒಳಮೈಯಲ್ಲಿ 3.56 ಮಿಲಿಮೀಟರ್ ಅಂತರಕ್ಕೊಂದರಂತೆ ಸಾಲುಗೆರೆಗಳುಳ್ಳ ಒಂದೇ ಉದ್ದನೆಯ ಬೆಲ್ಟು, ಕ್ರ್ಯಾಂಕಿನಿಂದ ಹೊರಟು, ಕೆಲವರನ್ನು ಎದೆಯಿಂದಲೂ ಕೆಲವರನ್ನು ಬೆನ್ನಿನಿಂದಲೂ ಸ್ಪರ್ಶಿಸುತ್ತ, ವಿದ್ಯುತ್ತನ್ನೂ ನೀರಿನ ಸಂಚಾರವನ್ನೂ ನಮ್ಮ ಭಾವನವರ ಬೆವರಾರಿಸುವ ತಂಗಾಳಿಯನ್ನೂ ಒದಗಿಸಿ, ಅವಿಭಕ್ತ ಕುಟುಂಬದ ಹಿರಿಯ ಸೊಸೆಯಂತೆ ವಿರಾಮವಿಲ್ಲದೆ ಸುತ್ತುತ್ತಿರುತ್ತದೆ. ಆ ಸೊಸೆ ಅತ್ತಳೆಂದರೆ, ಅಳಿಸಿದವರಾರೆಂದು ಕೇಳುವುದಕ್ಕೆ ಮುಂಚೆಯೇ ಅವಳನ್ನು ತವರಿಗೆ ಕಳುಹಿಸುವ ಪರಿಪಾಠವುಂಟಷ್ಟೆ. ಪೇಟೆಯ ಒಂದು ಗ್ಯಾರೇಜಿನವರು ಬಾನೆಟ್ಟನ್ನು ಪೂರ್ತಿಯಾಗಿ ತೆರೆಯದೆಯೇ, "ಹೊಸ ಬೆಲ್ಟ್ ಹಾಕಿಬಿಡೋಣ ಸಾರ್" ಎಂದದ್ದು ಇದೇ ನ್ಯಾಯದ ಮೇರೆಗೆ.

ನಮ್ಮೂರ ಮೇಸ್ತ್ರಿಯ ಶಾಸ್ತ್ರ ಬೇರೆ. ಅವನು ಎಂಜಿನ್ನನ್ನು ಓಡಗೊಟ್ಟು, ಬೀಡಿಯನ್ನು ನಂದಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದನು.

"ಬೆಳಗಿನ ಆ ದೊಡ್ಡ ಕೂಗು ತೇವದ್ದು ಭಟ್ರೇ. ಸ್ಟಾರ್ಟ್ ಆದ ಕೂಡಲೇ ಬ್ಯಾಟ್ರಿ ಕರೆಂಟು ಕೇಳ್ತದೆ, ಡೈನಮೋ ಭಾರ ಆಗ್ತದೆ, ಒದ್ದೆ ಬೆಲ್ಟು ಜಾರ್ತದೆ. ಅದು ಹೋಗ್ತದೆ. ಆಮೇಲಿನ ಕಿಚ್ ಕಿಚ್ ಉಂಟಲ್ಲ, ಅದು ಹೋಗೂದಿಲ್ಲ."

ಹೀಗೆಂದವನೇ ತಾನು ಕುಡಿಯುತ್ತಿದ್ದ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ತೋಳಂಗಿಯನ್ನು ಮೇಲಕ್ಕೆ ಮಡಿಚಿ, ನನ್ನ ಉತ್ತರೀಯವನ್ನು ದೂರ ಸರಿಸುವಂತೆ ಆಜ್ಞಾಪಿಸಿ, ತಿರುಗುತ್ತಿದ್ದ ಬೆಲ್ಟಿನ ಗೆರೆಯುಳ್ಳ ಮೈಗೆ ದೂರದಿಂದ ಸಣ್ಣಗೆ ನೀರೆರಚಿದನು. ನೀರು ಬಿದ್ದೊಡನೆ ಶಬ್ದವು ಹೆಚ್ಚಿದರೆ ಬೆಲ್ಟಿನ ಬಿಗುವು ಸಾಲದು, ಅದನ್ನು ಒತ್ತಿಹಿಡಿಯಬೇಕಾದ ಟೆನ್ಷನರಿನ ಸ್ಪ್ರಿಂಗು ಮುದಿಯಾಗಿದೆಯೆಂದು ಅರ್ಥ. ಕ್ಷಣಕಾಲ ಅಡಗಿ ಪುನಃ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲವೆಂದು ಅರ್ಥ. ನಮ್ಮದು ಥಟ್ಟನೆ ಅಡಗಿತು. "ನೋಡಿದೆಯಾ, ನೀರು ಬಿಡುತ್ತಲೇ ಓಡಿಸಿದರಾಯಿತು" ಎಂದು ಭಾವನವರು ವಿಜಯೋತ್ಸಾಹದಿಂದ ಹೇಳಿ ಮುಗಿಸುವಷ್ಟರಲ್ಲಿ ಬಡ್ಡಿಸಮೇತವಾಗಿ ಹಿಂದಿರುಗಿತು.

ಎಂಜಿನ್ನನ್ನು ಆರಿಸಿ, ಉದ್ದನೆಯ ಹಿಡಿಯ ಪಾನದಿಂದ ಟೆನ್ಷನರನ್ನು ಹಿಂದಕ್ಕೊತ್ತಿ ಬೆಲ್ಟನ್ನು ಕಳಚಿದ ಮೇಲೆ, ಮೇಸ್ತ್ರಿಯು ಒಂದೊಂದು ಪುಲ್ಲಿಯನ್ನೂ ಬೆರಳಿನಿಂದ ತಿರುಗಿಸಿ ವಿಚಾರಣೆ ನಡೆಸಿದನು. ಡೈನಮೋ ನಿರಪರಾಧಿ. ನೀರಿನ ಪಂಪಿನಲ್ಲಿ ಅಲುಗಾಟವಿಲ್ಲ. ಕಟ್ಟಕಡೆಗೆ, ವಿದ್ಯುತ್ತನ್ನು ಹುಟ್ಟಿಸದ, ನೀರನ್ನು ತಳ್ಳದ, ಬೆಲ್ಟಿಗೆ ದಾರಿ ತೋರಿಸುವುದೊಂದನ್ನುಳಿದು ಅನ್ಯ ಉದ್ಯೋಗವಿಲ್ಲದ ಐಡ್ಲರ್ ಪುಲ್ಲಿಯನ್ನು ಮುಟ್ಟಿದಾಗ, ಅದು ಗರಗರನೆ ಮರಳು ಅರೆದಂತೆ ನುಡಿದು, ಹಿಡಿದು ಅಲುಗಿಸಿದರೆ ಒಂದು ಮಗ್ಗುಲಿಗೆ ವಾಲಿತು. ತೋಟದ ಹಾದಿಯ ಕೆಸರುನೀರು ಬೇರಿಂಗಿನ ಒಳಹೊಕ್ಕು ಗ್ರೀಸನ್ನು ತೊಳೆದುಹಾಕಿತ್ತು. ದಾರಿ ತೋರಿಸುವವನೇ ವಾಲಿದ್ದರಿಂದ ಬೆಲ್ಟು ಪ್ರತಿ ಸುತ್ತಿನಲ್ಲಿಯೂ ಓರೆಯಾಗಿ ಹೊಕ್ಕು ಉಜ್ಜಿಕೊಳ್ಳುತ್ತಿತ್ತು. ಕೆಲಸವಿಲ್ಲದೆ ಮಾರ್ಗದರ್ಶನವನ್ನು ಮಾತ್ರ ಮಾಡುವವರ ವಿಷಯವಾಗಿ ನಾನಾಗ ಏನನ್ನೋ ಹೇಳಹೊರಟವನು, ಪಕ್ಕದಲ್ಲಿ ಭಾವನವರಿದ್ದುದರಿಂದ ಸುಮ್ಮನಾದೆ.

ಬೆಲ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೆ ಈಚಿನ ಈಪಿಡಿಎಂ ರಬ್ಬರಿನ ಬೆಲ್ಟುಗಳು ಹಳೆಯವುಗಳಂತೆ ಬಿರುಕುಬಿಟ್ಟು ಮುನ್ಸೂಚನೆ ಕೊಡದೆ, ಟೈರಿನ ಹಾಗೆ ಒಳಗೊಳಗೇ ಸವೆಯುವವಾದ್ದರಿಂದ ಕಣ್ಣಿನ ಸಾಕ್ಷ್ಯ ಸಾಲದು. ಮೇಲಾಗಿ ಚಾಲಕನ ಸಾಬೂನು ಗೆರೆಗಳನ್ನೆಲ್ಲ ತುಂಬಿಕೊಂಡಿತ್ತು. ಪುಲ್ಲಿಯೊಡನೆ ಅದನ್ನೂ ಬದಲಾಯಿಸುವುದೆಂದು ನಿಶ್ಚಯವಾಯಿತು.

ಹೊಸದನ್ನು ಏರಿಸುವಾಗ ಭಾವನವರು ದಾರಿ ಹೇಳತೊಡಗಿದರು. ಬಾನೆಟ್ಟಿನ ಕೆಳಗಿದ್ದ ಮಾರ್ಗಚಿತ್ರದ ಕಾಗದವು ಎಂದೋ ಕಿತ್ತುಹೋಗಿತ್ತು. ಅಪಾಯವೆಂದರೆ, ಬೆಲ್ಟನ್ನು ತಪ್ಪುದಾರಿಯಲ್ಲಿ ಹಾಯಿಸಿದರೂ ಕೆಲವೊಮ್ಮೆ ಅಚ್ಚುಕಟ್ಟಾಗಿ ಕೂರುತ್ತದೆ. ನೀರಿನ ಪಂಪು ವಿರುದ್ಧ ದಿಕ್ಕಿಗೆ ತಿರುಗಿ, ಎಂಜಿನ್ನು ಕಾದು ಕುದಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮೇಸ್ತ್ರಿಯು ವಿನಯದಿಂದ "ಹೌದು ಹೌದು, ನೀವು ಹೇಳಿದ ಹಾಗೇ" ಎನ್ನುತ್ತ, ಬಿಚ್ಚುವುದಕ್ಕೆ ಮುಂಚೆ ತಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡಿದ್ದ ನಕ್ಷೆಯಂತೆಯೇ ಏರಿಸಿದನು.

ವಾಹನವೀಗ ಮೌನವಾಗಿ ಚಲಿಸುತ್ತದೆ. ಇದರಿಂದ ಸಂತೋಷಪಡದವರೂ ಉಂಟು. ಕಿಚ್ ಕಿಚ್ ಶಬ್ದವು ಏರಿಯ ಮೇಲೆ ಕೇಳಿಬಂದೊಡನೆ ಎಲೆಯಡಕೆಯ ಸಂಚಿಯನ್ನು ಮಡಿಚಿ ಗುದ್ದಲಿ ಹಿಡಿಯುತ್ತಿದ್ದ ತೋಟದ ಆಳುಗಳು, ಒಡೆಯರು ಹೀಗೆ ಹೇಳದೆ ಕೇಳದೆ ಬಂದುಬಿಡುವುದು ಸರಿಯಲ್ಲವೆಂದು ಅತ್ತೆಯವರಲ್ಲಿ ದೂರಿಕೊಂಡಿದ್ದಾರೆ. ಕರುಣಾಳುಗಳಾದ ಅವರು, ತಿರುವಿನಲ್ಲೆಲ್ಲ ತಪ್ಪದೆ ಹಾರನ್ ಮಾಡಬೇಕೆಂದು ಚಾಲಕನಿಗೆ ಕಟ್ಟಪ್ಪಣೆ ಮಾಡಿದ್ದಾರೆ.